‘ಒಂಥರಾ ಆಗ್ತಿದೆ’ ಅಂದೆಯಲ್ಲ, ಅದರ ಬಗ್ಗೆ

ಪುಟ್ಟೀ,

ಮೊನ್ನೆ ರಾತ್ರಿ ಫೋನಿನಲ್ಲಿ ನೀನು ಹೇಳಿದ್ದು ಒಂದೇ ಮಾತು. “ಏನಿಲ್ಲಪ್ಪಾ, ಯಾಕೋ ಒಂಥರಾ ಆಗ್ತಿದೆ.” ನಾನು ಹಳೇ ಚಾಳಿಯಂತೆ “ಚೆನ್ನಾಗಿ ನಿದ್ದೆ ಮಾಡು, ಎಲ್ಲಾ ಸರಿಹೋಗುತ್ತೆ” ಅಂದುಬಿಟ್ಟೆ. ನೀನು “ಹ್ಞೂಂ” ಅಂದೆ. ಆ ಹ್ಞೂಂ ನನಗೆ ಗೊತ್ತು. ಇವರ ಹತ್ತಿರ ಹೇಳಿ ಪ್ರಯೋಜನವಿಲ್ಲ ಅಂತ ಬಾಗಿಲು ಮುಂದಕ್ಕೆ ಹಾಕಿಕೊಳ್ಳುವ ಹ್ಞೂಂ. ಬಾಯಲ್ಲಿ ಹೇಳಹೋದರೆ ಮತ್ತೆ ಉಪದೇಶವಾದೀತು ಅಂತ ಬರೆಯುತ್ತಿದ್ದೇನೆ. ಬರೆದದ್ದೂ ಉಪದೇಶವೇ ಆದರೆ ಸಹಿಸಿಕೋ, ಅಪ್ಪಂದಿರ ಕಾಯಿಲೆ ಅದು.

ನಮ್ಮ ‘ಬೇಜಾರು’ ಅನ್ನೋ ಪದವನ್ನೇ ನೋಡು. ರಜೆಯಲ್ಲಿ ಹೊತ್ತು ಹೋಗದಿದ್ದರೂ ಬೇಜಾರು, ಗೆಳತಿ ಕರೆಯದೆ ಹೋದರೂ ಬೇಜಾರು, ಮಾಡಿದ್ದೇ ಮಾಡಿ ಸಾಕಾದರೂ ಬೇಜಾರು, ಯಾರಾದರೂ ತೀರಿಕೊಂಡರೂ ಬೇಜಾರು. ಅನುಕೂಲದ ಪದ, ಒಪ್ಪುತ್ತೇನೆ. ಆದರೆ ಅಷ್ಟು ದೊಡ್ಡ ಮೂಟೆಯನ್ನು ಬಿಚ್ಚದೆ ಹೊತ್ತು ತಿರುಗಿದರೆ ಒಳಗೇನಿದೆ ಅಂತ ನಮಗೇ ತಿಳಿಯುವುದಿಲ್ಲ.

ನಿನಗೆ ನೆನಪಿದೆಯೋ ಇಲ್ಲವೋ, ಐದನೇ ಕ್ಲಾಸಿನ ಚಿತ್ರ ಸ್ಪರ್ಧೆ. ಎರಡನೇ ಬಹುಮಾನ ತಗೊಂಡು ಮನೆಗೆ ಬಂದವಳು ಬ್ಯಾಗ್ ಎಸೆದು “ಬೇಜಾರು” ಅಂದೆ. ಮೊದಲನೇದು ಬರಲಿಲ್ಲ ಅಂತ ಮುನಿಸು ಅಂದುಕೊಂಡ ನಾನು, ಸೋಲು ಗೆಲುವಿನ ಬಗ್ಗೆ ಹತ್ತು ನಿಮಿಷ ಕೊರೆದೆ. ರಾತ್ರಿ ನೋಡಿದರೆ ಆ ಚಿತ್ರ ನಾಲ್ಕು ಚೂರಾಗಿ ಕಸದ ಬುಟ್ಟಿಯಲ್ಲಿತ್ತು. ಮಲಗಿಸುವಾಗ ನಿನ್ನಮ್ಮ ಮೆಲ್ಲಗೆ ಬಿಡಿಸಿ ಕೇಳಿದ ಮೇಲೆ ಗೊತ್ತಾಯಿತು: ಪಕ್ಕದಲ್ಲಿ ಕೂತು ನಿನಗೆ ತನ್ನ ಬಣ್ಣ ಕೊಟ್ಟಿದ್ದ ಗೆಳತಿಗೆ ಬಹುಮಾನವೇ ಬಂದಿರಲಿಲ್ಲ. ವಾಪಸ್ ಬರುವಾಗ ಅವಳು ಬಸ್ಸಿನಲ್ಲಿ ಬೇರೆ ಸೀಟಿಗೆ ಹೋಗಿ ಕೂತಿದ್ದಳು. ನಿನ್ನನ್ನು ಕೊರೆಯುತ್ತಿದ್ದದ್ದು ಗೆದ್ದ ಅಳುಕು. ನಾನು ಸಮಾಧಾನ ಮಾಡಿದ್ದು ಸೋತವಳನ್ನು.

ನನ್ನ ಕಥೆ ಇನ್ನೂ ಕೆಟ್ಟದು. ಆಫೀಸಿನಲ್ಲಿ ನನಗಿಂತ ಎರಡು ವರ್ಷ ಚಿಕ್ಕವನಿಗೆ ಬಡ್ತಿ ಬಂದ ವಾರ, ಮನೆಯಲ್ಲಿ ದಿನಾ ತಲೆನೋವು ಅಂತ ಮಲಗುತ್ತಿದ್ದೆ. ಟಿವಿ ಸದ್ದು ಜಾಸ್ತಿ ಆಯಿತು ಅಂತ ನಿನ್ನ ಮೇಲೆ ಹರಿಹಾಯ್ದದ್ದೂ ಅದೇ ವಾರ. ಅದು ತಲೆನೋವಲ್ಲ, ಶುದ್ಧ ಹೊಟ್ಟೆಕಿಚ್ಚು ಅಂತ ಒಪ್ಪಿಕೊಳ್ಳಲು ನನಗೆ ತಿಂಗಳುಗಳೇ ಬೇಕಾದವು. ಒಪ್ಪಿಕೊಂಡ ಮೇಲೆ ಇನ್ನೊಂದು ಕಂಡಿತು. ಅವನ ಸಂಬಳದ ಮೇಲೆ ನನಗೆ ಕಣ್ಣಿರಲಿಲ್ಲ. ಹೊಸಬರಿಗೆ ಕೆಲಸ ಕಲಿಸುವ ಜವಾಬ್ದಾರಿ ಅವನಿಗೆ ಸಿಕ್ಕಿತ್ತು, ನನಗೆ ಬೇಕಿದ್ದದ್ದು ಅದು. ನಾನು ಯಾವತ್ತೂ ಬಾಯಿಬಿಟ್ಟು ಕೇಳಿಯೇ ಇರಲಿಲ್ಲ. ಆಮೇಲೆ ಹೋಗಿ ಕೇಳಿದೆ. ಅರ್ಧ ಸಿಕ್ಕಿತು. ಹೊಟ್ಟೆಕಿಚ್ಚನ್ನು ಎಲ್ಲರೂ ಬೈಯುತ್ತಾರೆ, ಆದರೆ ನನಗೇನು ಬೇಕು ಅನ್ನುವುದನ್ನು ಅದರಷ್ಟು ನೇರವಾಗಿ ನನಗೆ ಬೇರೆ ಯಾರೂ ಹೇಳಿಲ್ಲ.

ಹೊಟ್ಟೆಕಿಚ್ಚು. ಪದ ಹೇಗಿದೆ ನೋಡು, ಹೊಟ್ಟೆಯಲ್ಲೇ ಬೆಂಕಿ. ಎದೆ ಧಸಕ್ಕೆನ್ನುತ್ತೆ, ಕರುಳು ಚುರ್ ಅನ್ನುತ್ತೆ, ಗಂಟಲು ಉಬ್ಬಿ ಬರುತ್ತೆ, ಮೈ ಉರಿಯುತ್ತೆ. ನಮ್ಮ ಹಿರಿಯರು ಭಾವನೆಯ ಜಾಗವನ್ನು ಮೈಮೇಲೇ ಗುರುತು ಮಾಡಿಟ್ಟಿದ್ದಾರೆ. ನಾವು ಅದನ್ನೆಲ್ಲ ಬಿಟ್ಟು ‘ಮೂಡ್ ಆಫ್’ ಅಂತೀವಿ. ಭರತನ ನಾಟ್ಯಶಾಸ್ತ್ರದಲ್ಲಿ, ನೆಲೆಯಾಗಿ ನಿಲ್ಲುವ ಎಂಟು ಸ್ಥಾಯಿಭಾವಗಳ ಜೊತೆಗೆ, ಬಂದು ಹೋಗುವ ವ್ಯಭಿಚಾರಿ ಭಾವಗಳು ಅಂತ 33 ಇವೆ. ಹಿಡಿದ ಕೆಲಸ ಕೈಗೂಡದಾಗ ಬರುವುದು ವಿಷಾದ, ಶಕ್ತಿ ಸೋರಿಹೋದಾಗ ಗ್ಲಾನಿ, ಯಾವುದೂ ಬೇಡ ಅನ್ನಿಸಿದರೆ ನಿರ್ವೇದ. ನಮ್ಮ ಬಾಯಲ್ಲಿ ಈ ಮೂರೂ ಬೇಜಾರೇ. ತಮಾಷೆ ಏನು ಗೊತ್ತಾ, ಆ ಪಟ್ಟಿಯಲ್ಲಿ ಶ್ರಮ, ಆಲಸ್ಯ, ನಿದ್ರೆಗಳೂ ಇವೆ. ಹಾಗಾಗಿ “ನಿದ್ದೆ ಮಾಡು” ಅಂದ ನನ್ನದು ಪೂರ್ತಿ ತಪ್ಪಲ್ಲ!

ಹೆಸರಿಟ್ಟ ಮಾತ್ರಕ್ಕೆ ಏನಾಗುತ್ತೆ ಅಂತ ನೀನು ಕೇಳುತ್ತೀಯ, ವಿಜ್ಞಾನದವಳು. 2007ರಲ್ಲಿ ಮ್ಯಾಥ್ಯೂ ಲೀಬರ್‌ಮನ್ ಅನ್ನೋ ಮನೋವಿಜ್ಞಾನಿ ಮತ್ತು ಅವರ ಜೊತೆಗಾರರು ಜನರಿಗೆ ಸಿಟ್ಟಿನ, ಭಯದ ಮುಖಗಳ ಚಿತ್ರ ತೋರಿಸಿ ಮಿದುಳನ್ನು ಸ್ಕ್ಯಾನ್ ಮಾಡಿದರು. ಮುಖದಲ್ಲಿರುವ ಭಾವಕ್ಕೆ ಪದ ಆರಿಸಿದಾಗ, ಅಪಾಯಕ್ಕೆ ಗಂಟೆ ಬಾರಿಸುವ ಅಮಿಗ್ಡಲಾದ ಚಟುವಟಿಕೆ ತಗ್ಗಿತು. ಮುಖ ಗಂಡಸಿನದೋ ಹೆಂಗಸಿನದೋ ನೋಡಿ ಅದಕ್ಕೆ ಹೊಂದುವ ಹೆಸರು ಆರಿಸಿದಾಗ ಅಷ್ಟು ತಗ್ಗಲಿಲ್ಲ. ಪ್ರಯೋಗಾಲಯದ ಮಾತು ಇದು, ಮನೆಯಲ್ಲಿ ಅಷ್ಟು ಸುಲಭ ಅಲ್ಲ. ಸಿಟ್ಟು ನೆತ್ತಿಗೇರಿದಾಗ ಯಾವನಿಗೆ ಪದ ಹೊಳೆಯುತ್ತೆ? ನನಗಂತೂ ಮಾರನೇ ದಿನ ಬೆಳಿಗ್ಗೆ ಹೊಳೆಯೋದು. ತಡವಾಗಿಯಾದರೂ ಹೊಳೆದರೆ ಸಾಕು ಅಂತ ಒಂದು ಹಳೇ ಡೈರಿ ಇಟ್ಟುಕೊಂಡಿದ್ದೇನೆ. ಹೊಳೆದ ಪದದ ಕೆಳಗೆ ಎರಡೇ ಸಾಲು ಬರೆಯುತ್ತೇನೆ: ಮೈಯಲ್ಲಿ ಎಲ್ಲಿ ಹಿಡಿದುಕೊಂಡಿತು, ಅದಕ್ಕೆ ಸ್ವಲ್ಪ ಮುಂಚೆ ಏನಾಯಿತು. ಹೋದ ತಿಂಗಳು ತಿರುವಿ ನೋಡಿದೆ. ಸಿಟ್ಟು ಅಂತ ಬರೆದ ಕಡೆಯೆಲ್ಲ ಎರಡನೇ ಸಾಲಿನಲ್ಲಿ ಯಾರಾದರೂ ತಡವಾಗಿ ಬಂದಿದ್ದಾರೆ, ಫೋನ್ ಎತ್ತಿಲ್ಲ, ಇಲ್ಲ ಜ್ವರ ಬಂದು ಮಲಗಿದ್ದಾರೆ. ಅಂದರೆ ಹೆದರಿಕೆ. ಈ ವಯಸ್ಸಿಗೆ ತಿಳಿಯಿತು ನೋಡು, ನಿನ್ನಪ್ಪ ಸಿಡುಕನಿಗಿಂತ ಹೆಚ್ಚಾಗಿ ಪುಕ್ಕಲ.

‘ಯಾಕೆ’ ಅಂತ ಮಾತ್ರ ನಿನ್ನನ್ನು ನೀನು ಜಾಸ್ತಿ ಕೇಳಿಕೊಳ್ಳಬೇಡ. ನನಗೇ ಯಾಕೆ ಹೀಗೆ, ನಾನ್ಯಾಕೆ ಹೀಗೆ ಅಂತ ಹೊರಟರೆ ಅದು ಗಾಣದೆತ್ತಿನ ಸುತ್ತು. ಬೆಳಗಾದರೂ ಅದೇ ಜಾಗ. ‘ಈಗ ಏನಾಗ್ತಿದೆ’ ಅಂತ ಕೇಳಿಕೋ.

ಒಂದು ವಿಷಯಕ್ಕೆ ಮಾತ್ರ ಈ ಪದಗಳ ಆಟ ಸಾಲದು. ಈ ಒಂಥರಾ ಎರಡು ವಾರವಾದರೂ ದಿನದ ಹೆಚ್ಚಿನ ಹೊತ್ತು ಬಿಡದೆ ಕೂತಿದ್ದರೆ, ನಿದ್ದೆ ಹಸಿವು ಕೆಟ್ಟರೆ, ಮೊದಲು ಇಷ್ಟವಿದ್ದದ್ದೂ ರುಚಿಸದಿದ್ದರೆ, ಅದು ಖಿನ್ನತೆ ಇರಬಹುದು. ಆಗ ವೈದ್ಯರನ್ನು ಕಾಣೋಣ, ನಾನೂ ಜೊತೆಗೆ ಬರುತ್ತೇನೆ. ಬದುಕೇ ಬೇಡ ಅನ್ನಿಸಿದರೆ ಎರಡು ವಾರ, ಎರಡು ದಿನ ಅಂತ ಲೆಕ್ಕ ಹಾಕಬೇಡ, ಎಷ್ಟೇ ಹೊತ್ತಾಗಿರಲಿ ತಕ್ಷಣ ಫೋನ್ ಮಾಡು. ಇದು ಉಪದೇಶ ಅಲ್ಲ, ಅಪ್ಪನ ಆಜ್ಞೆ ಅಂತಲೇ ತಿಳಿ.

ಭಾನುವಾರ ಮಾತಾಡೋಣ. ಈ ಸಲ ನಾನು ನಿದ್ದೆಯ ವಿಷಯ ಎತ್ತೋದಿಲ್ಲ. ಗಂಟಲಲ್ಲಾ, ಎದೆಯಲ್ಲಾ, ಹೊಟ್ಟೆಯಲ್ಲಾ ಅಂತ ಕೇಳುತ್ತೇನೆ. ಗೊತ್ತಿಲ್ಲ ಅಂದರೂ ಸರಿ, ಫೋನ್ ಇಡಬೇಡ. ನಿನ್ನಮ್ಮನನ್ನೂ ಪಕ್ಕದಲ್ಲಿ ಕೂರಿಸಿಕೊಂಡಿರುತ್ತೇನೆ. ಚಿತ್ರ ಹರಿದ ರಾತ್ರಿ ಸರಿಯಾಗಿ ಕೇಳಿದ್ದು ಅವಳೇ ತಾನೆ.

ನಿನ್ನ,
ಅಪ್ಪ