ತಟ್ಟೆಯಲ್ಲಿ ಸತ್ತ ಕೋಶ, ಪತ್ರಿಕೆಯಲ್ಲಿ ಬಂದ ಮದ್ದು

ಮಾನ್ಯ ಸಂಪಾದಕರೇ,

ಬೇವು, ತುಳಸಿ, ನುಗ್ಗೆ, ಅಮೃತಬಳ್ಳಿ. ಯಾವ ಗಿಡದ ಹೆಸರು ಹೇಳಿದರೂ ಅದರ ರಸದಿಂದ ಬೆಳ್ಳಿಯ ನ್ಯಾನೊ ಕಣ (ಕಣ್ಣಿಗೆ ಕಾಣದಷ್ಟು ಸಣ್ಣ ಕಣ) ಮಾಡಿ ಕ್ಯಾನ್ಸರ್ ಕೋಶಗಳನ್ನು ಕೊಂದ ಸಂಶೋಧನೆ ಸಿಗುತ್ತದೆ. ಅದು ಸುದ್ದಿಯಾಗುವಾಗ ಮಾತ್ರ ‘ಕ್ಯಾನ್ಸರ್‌ಗೆ ಎಲೆಮದ್ದು’ ಆಗಿಬಿಡುತ್ತದೆ. ಕಾಲೇಜಿನಲ್ಲಿ ರಸಾಯನಶಾಸ್ತ್ರ ಪಾಠ ಮಾಡುವ ನನಗೆ ಈ ಕೆಲಸದ ಮೇಲೆ ತುಂಬಾ ಪ್ರೀತಿ. ಅದಕ್ಕೇ ಈ ಪತ್ರ.

ಪ್ರಯೋಗ ನಿಜಕ್ಕೂ ಸೊಗಸಾದದ್ದು. ಎಲೆ ಕುದಿಸಿ, ಸೋಸಿ, ಆ ಕಷಾಯವನ್ನು ಸಿಲ್ವರ್ ನೈಟ್ರೇಟ್ ಎಂಬ ಬೆಳ್ಳಿ ಲವಣದ ದ್ರಾವಣಕ್ಕೆ ಹಾಕಿದರೆ ಸ್ವಲ್ಪ ಹೊತ್ತಿನಲ್ಲಿ ಅದು ಕಂದು ಬಣ್ಣಕ್ಕೆ ತಿರುಗುತ್ತದೆ. ಚಿನ್ನದ ಲವಣವಾದರೆ ಕೆಂಪಗಾಗುತ್ತದೆ. ಎಲೆಯಲ್ಲಿರುವ ಪಾಲಿಫಿನಾಲ್‌ನಂಥ ವಸ್ತುಗಳು ಲೋಹವನ್ನು ಕಣವಾಗಿಸುತ್ತವೆ, ಆಮೇಲೆ ಅದಕ್ಕೆ ಹೊದಿಕೆಯಾಗಿಯೂ ಕೂರುತ್ತವೆ. ಪುಣೆಯ ರಾಷ್ಟ್ರೀಯ ರಾಸಾಯನಿಕ ಪ್ರಯೋಗಾಲಯದ ಮುರಳಿ ಶಾಸ್ತ್ರಿಯವರ ತಂಡ 2004ರಲ್ಲೇ ಬೇವಿನ ಎಲೆಯಿಂದ ಚಿನ್ನ, ಬೆಳ್ಳಿಯ ಕಣ ಮಾಡಿ ತೋರಿಸಿತ್ತು. ದೊಡ್ಡ ಖರ್ಚಿಲ್ಲ. ಸಣ್ಣ ಊರಿನ ಕಾಲೇಜಿನ ಮಕ್ಕಳೂ ಮಾಡಬಹುದು.

ತೊಂದರೆ ಶುರುವಾಗುವುದು ಮುಂದಿನ ಹೆಜ್ಜೆಯಲ್ಲಿ. ಎಂಸಿಎಫ್-7 ಎಂಬ ಸ್ತನ ಕ್ಯಾನ್ಸರ್ ಕೋಶಗಳನ್ನೋ ಅಂಥ ಬೇರೆ ಕೋಶಗಳನ್ನೋ ಪ್ಲಾಸ್ಟಿಕ್ ತಟ್ಟೆಯಲ್ಲಿ ಬೆಳೆಸಿ, ಕಣ ಹಾಕಿ, ಒಂದೆರಡು ದಿನ ಬಿಟ್ಟು ಎಷ್ಟು ಉಳಿದಿವೆ ಎಂದು ನೋಡುತ್ತಾರೆ. ಬೆಳ್ಳಿ ಅಯಾನೇ, ಅಂದರೆ ಕರಗಿ ವಿದ್ಯುದಂಶ ಹೊತ್ತ ಬೆಳ್ಳಿಯೇ, ಕೋಶಕ್ಕೆ ವಿಷ. ಹಾಗಿದ್ದರೆ ಕೊಂದದ್ದು ಯಾವುದು? ಎಲೆಯ ಹೊದಿಕೆಯೋ, ಕಣವೋ, ಕರಗಿ ಬಂದ ಬೆಳ್ಳಿಯೋ? ಬರೀ ಕಷಾಯ, ಬರೀ ಸಿಲ್ವರ್ ನೈಟ್ರೇಟ್, ಎಲೆಯಿಲ್ಲದೆ ಮಾಡಿದ ಕಣ, ಇವನ್ನೆಲ್ಲ ಪಕ್ಕದಲ್ಲಿಟ್ಟು ನೋಡದೆ ಅದು ತಿಳಿಯುವುದಿಲ್ಲ. ಆರೋಗ್ಯವಾಗಿರುವ ಕೋಶಗಳು ಎಷ್ಟು ಸತ್ತವು ಎಂಬುದೂ ಬೇಕು, ಅಲ್ವಾ? ಈ ಹೋಲಿಕೆಗಳನ್ನು ಬಿಟ್ಟ ಪ್ರಬಂಧಗಳು ಬೇಕಾದಷ್ಟಿವೆ.

ಇನ್ನೊಂದು ಮಾತು. ಬೇಸಿಗೆಯ ಎಲೆ, ಮಳೆಗಾಲದ ಎಲೆ, ಚಿಗುರು, ಬಲಿತ ಎಲೆ, ಎಲ್ಲದರ ರಸವೂ ಬೇರೆ ಬೇರೆ. ರಸ ಬದಲಾದರೆ ಕಣದ ಗಾತ್ರ, ಹೊದಿಕೆ ಬದಲಾಗುತ್ತವೆ. ಔಷಧವಾಗಬೇಕಾದರೆ ಪ್ರತಿ ಸಲವೂ ಅದೇ ಕಣ ಬರಬೇಕು.

ದೇಹದೊಳಗಿನ ದಾರಿಯಂತೂ ಇನ್ನೂ ಕಷ್ಟದ್ದು. ಕೆನಡಾದ ಟೊರಾಂಟೊ ವಿಶ್ವವಿದ್ಯಾಲಯದ ವಾರೆನ್ ಚಾನ್ ಅವರ ತಂಡ 2016ರಲ್ಲಿ, ಹಿಂದಿನ ಹತ್ತು ವರ್ಷಗಳ ಪ್ರಾಣಿ ಪ್ರಯೋಗಗಳನ್ನು ಒಟ್ಟುಮಾಡಿ ಲೆಕ್ಕ ಹಾಕಿತು. ರಕ್ತಕ್ಕೆ ಕೊಟ್ಟ ನ್ಯಾನೊ ಕಣಗಳಲ್ಲಿ ಗೆಡ್ಡೆಗೆ ತಲುಪಿದ್ದು ಸುಮಾರು ಶೇ 0.7 ಮಾತ್ರ! ಇಂಥ ಕಣಗಳನ್ನು ಜಾಸ್ತಿ ಹಿಡಿದಿಟ್ಟುಕೊಳ್ಳುವುದು ಲಿವರ್ ಮತ್ತು ಗುಲ್ಮ (ಸ್ಪ್ಲೀನ್). ಗಿಡದಿಂದ ಮಾಡಿದ್ದು ಎಂದ ಮಾತ್ರಕ್ಕೆ ಬೆಳ್ಳಿ ನಿರಪಾಯಕಾರಿ ಆಗುವುದಿಲ್ಲ. ವರ್ಷಗಟ್ಟಲೆ ಬೆಳ್ಳಿ ಸೇವಿಸಿದವರ ಚರ್ಮ ಖಾಯಂ ನೀಲಿ ಬೂದು ಬಣ್ಣಕ್ಕೆ ತಿರುಗಿದ ಉದಾಹರಣೆಗಳಿವೆ.

ಹಾಗಂತ ಗಿಡವನ್ನೂ ನ್ಯಾನೊವನ್ನೂ ನಾನು ಕಡೆಗಣಿಸುತ್ತಿಲ್ಲ. ನಮ್ಮ ಅಂಗಳದ ನಿತ್ಯಪುಷ್ಪದಲ್ಲಿ ಸಿಕ್ಕ ವಿನ್‌ಕ್ರಿಸ್ಟಿನ್ ಇವತ್ತಿಗೂ ಮಕ್ಕಳ ರಕ್ತ ಕ್ಯಾನ್ಸರಿಗೆ ಕೊಡುವ ಔಷಧ. ಡಾಕ್ಸಿಲ್ ಎಂಬ ನ್ಯಾನೊ ಔಷಧಕ್ಕೆ ಅಮೆರಿಕದಲ್ಲಿ 1995ರಲ್ಲೇ ಅನುಮತಿ ಸಿಕ್ಕಿದೆ. ಆದರೆ ಅದರ ಕಣ ಕೊಬ್ಬಿನದು, ಲೋಹದ್ದಲ್ಲ. ಎಲೆರಸದಿಂದ ಮಾಡಿದ ಯಾವ ಲೋಹದ ಕಣವೂ ಕ್ಯಾನ್ಸರ್ ಔಷಧವಾಗಿ ಇನ್ನೂ ರೋಗಿಯ ಕೈಗೆ ಬಂದಿಲ್ಲ.

ಕೀಮೋಗೆ ಹೆದರಿ ಕೂತ ಮನೆಯೊಂದು ‘ಕ್ಯಾನ್ಸರ್‌ಗೆ ಎಲೆಮದ್ದು’ ಎಂಬ ತಲೆಬರಹವನ್ನು ಹೇಗೆ ಓದುತ್ತದೆ, ಯೋಚಿಸಿ. ಅಂಥವರು ಆಸ್ಪತ್ರೆ ಬಿಟ್ಟು ಕಷಾಯ ಹಿಡಿದರೆ ಕಳೆದುಹೋದ ತಿಂಗಳುಗಳು ವಾಪಸ್ ಬರುವುದಿಲ್ಲ. ಆದ್ದರಿಂದ ತಟ್ಟೆಯಲ್ಲೋ, ಇಲಿಯಲ್ಲೋ, ಮನುಷ್ಯರಲ್ಲೋ ಎಂಬುದನ್ನು ತಲೆಬರಹದಲ್ಲೇ ಹೇಳಿ ಎಂದು ನಿಮ್ಮಲ್ಲಿ ಕೇಳಿಕೊಳ್ಳುತ್ತೇನೆ. ನಮ್ಮ ವಿಶ್ವವಿದ್ಯಾಲಯಗಳಲ್ಲೂ ಒಂದು ಕೋರಿಕೆ: ಹೊಸ ಹೊಸ ಎಲೆ ಹುಡುಕುವುದು ಸಾಕು. ಚೆನ್ನಾಗಿ ಕಂಡ ಒಂದೇ ಎಲೆಯನ್ನು ಹಿಡಿದು, ಕ್ಯಾನ್ಸರ್ ಆಸ್ಪತ್ರೆಯ ವೈದ್ಯರನ್ನು ಜೊತೆಗೆ ಸೇರಿಸಿಕೊಂಡು, ಈ ಹೋಲಿಕೆಗಳನ್ನೆಲ್ಲ ಮಾಡಿ ಮುಗಿಸುವ ವಿದ್ಯಾರ್ಥಿಗೆ ಪಿಎಚ್‌.ಡಿ ಕೊಡಿ. ಫಲಿತಾಂಶ ‘ಇಲ್ಲ’ ಎಂದು ಬಂದರೂ ಕೊಡಿ.

– ರಸಾಯನಶಾಸ್ತ್ರ ಉಪನ್ಯಾಸಕಿ, ದಾವಣಗೆರೆ