ನುಡಿಮುತ್ತಿನ ಕೆಳಗೆ ಒಂದು ಸಾಲು ಹೆಚ್ಚಿಗೆ ಇರಲಿ

ಮಾನ್ಯ ಸಂಪಾದಕರೆ,

ನಿಮ್ಮ ಪತ್ರಿಕೆಯ ದಿನದ ನುಡಿಮುತ್ತನ್ನು ನಾನು ಸುದ್ದಿಗಿಂತ ಮೊದಲು ಓದುತ್ತೇನೆ. ಶಾಲೆಯಲ್ಲಿ ಕನ್ನಡ ಮೇಷ್ಟರಾಗಿದ್ದಷ್ಟು ಕಾಲವೂ ಬೆಳಗಿನ ಪ್ರಾರ್ಥನೆಗೆ ಮುಂಚೆ ಅಂಥದ್ದೊಂದು ಮಾತನ್ನು ಕರಿಹಲಗೆಯ ಮೇಲೆ ಬರೆಯುವುದು ನನ್ನ ಪಾಲಿನ ಕೆಲಸವಾಗಿತ್ತು. ಆದ್ದರಿಂದ ಕಳೆದ ವಾರ ‘ಕಾಯಕವೇ ಕೈಲಾಸ’ ಎಂಬ ಮಾತಿನ ಕೆಳಗೆ ಬಸವಣ್ಣನವರ ಹೆಸರು ಕಂಡಾಗ ಸುಮ್ಮನಿರಲಾಗಲಿಲ್ಲ. ನಾನೂ ಎಷ್ಟೋ ವರ್ಷ ಹಾಗೆಯೇ ಬರೆದು ಮಕ್ಕಳಿಗೆ ತಪ್ಪು ಹೇಳಿಕೊಟ್ಟಿದ್ದೇನೆ. ಆ ನೋವು ಇನ್ನೂ ಇದೆ.

ಆ ಮಾತು ಇರುವುದು ಆಯ್ದಕ್ಕಿ ಮಾರಯ್ಯನ ವಚನದಲ್ಲಿ. ನಮ್ಮ ರಾಯಚೂರು ಸೀಮೆಯ ಅಮರೇಶ್ವರದಿಂದ ಕಲ್ಯಾಣಕ್ಕೆ ಹೋದವನು. ನೆಲಕ್ಕೆ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದೇ ಅವನ ಕಾಯಕ. ಕಾಯಕದಲ್ಲಿ ನಿರತನಾದರೆ ಗುರುದರ್ಶನವನ್ನೂ ಲಿಂಗಪೂಜೆಯನ್ನೂ ಮರೆಯಬೇಕು, ಜಂಗಮ ಎದುರಿಗೆ ನಿಂತಿದ್ದರೂ ಹಂಗು ಹರಿಯಬೇಕು ಎನ್ನುತ್ತಾನೆ. ‘ಕಾಯಕವೇ ಕೈಲಾಸವಾದ ಕಾರಣ’ ಎಂಬುದು ಬರುವುದು ಆಮೇಲೆ. ಅಕ್ಕಿ ಆಯುವವನೊಬ್ಬ ಹೀಗೆ ನುಡಿದ ಎದೆಗಾರಿಕೆ ಎಲ್ಲಿ, ಕಚೇರಿಯ ಗೋಡೆಗೆ ಅಂಟಿಸಿದ ಎರಡು ಪದ ಎಲ್ಲಿ!

ಅವನ ಹೆಂಡತಿ ಲಕ್ಕಮ್ಮ ಇನ್ನೂ ಒಂದು ಹೆಜ್ಜೆ ಮುಂದೆ. ಒಂದು ದಿನ ಮಾರಯ್ಯ ಎಂದಿಗಿಂತ ಹೆಚ್ಚು ಅಕ್ಕಿ ತಂದ ಎಂಬ ಕಥೆ ನಮಗೆ ಗೊತ್ತು. ಮನೆಗೆ ನಾಲ್ಕು ಕಾಳು ಹೆಚ್ಚಿಗೆ ಬಂದರೆ ಯಾರು ತಾನೆ ಬೇಡವೆನ್ನುತ್ತಾರೆ? ಲಕ್ಕಮ್ಮ ಬೇಡವೆಂದಳು. ‘ಆಸೆಯೆಂಬುದು ಅರಸಿಂಗಲ್ಲದೆ ಶಿವಭಕ್ತರಿಗುಂಟೆ ಅಯ್ಯಾ?’ ಎಂದು ಕೇಳಿದಳು. ‘ಈಸಕ್ಕಿಯಾಸೆ ನಿಮಗೇಕೆ? ಈಶ್ವರನೊಪ್ಪ’ ಎಂದು ಆ ಅಕ್ಕಿಯನ್ನು ಅಲ್ಲಿಯೇ ಸುರಿದು ಬರಲು ಕಳುಹಿಸಿದಳು. ಮಹತ್ವಾಕಾಂಕ್ಷೆಯ ಬಗ್ಗೆ ದೇಶವಿದೇಶದ ಎಷ್ಟೋ ದೊಡ್ಡವರ ಮಾತು ಓದಿದ್ದೇನೆ. ಒಲೆಯ ಮುಂದೆ ನಿಂತು ಗಂಡನನ್ನು ಹೀಗೆ ಕೇಳಿದವರನ್ನು ಬೇರೆ ಕಾಣೆ. ನುಡಿಮುತ್ತಿನ ಜಾಗದಲ್ಲಿ ಈಕೆಯ ಹೆಸರನ್ನು ಮಾತ್ರ ನಾನು ಒಮ್ಮೆಯೂ ನೋಡಿಲ್ಲ.

ಮೊನ್ನೆ ಮೊಮ್ಮಗಳನ್ನು ತರಬೇತಿ ಕೇಂದ್ರವೊಂದಕ್ಕೆ ಬಿಡಲು ಹೋಗಿದ್ದೆ. ಮೆಟ್ಟಿಲ ಗೋಡೆಯ ಮೇಲೆ ‘ಏಳಿ, ಎದ್ದೇಳಿ, ಗುರಿ ಮುಟ್ಟುವ ತನಕ ನಿಲ್ಲದಿರಿ’ ಎಂಬ ಹೊಂಬಣ್ಣದ ಅಕ್ಷರಗಳು, ಅದರಡಿಯಲ್ಲಿ ರ‍್ಯಾಂಕ್ ಬಂದವರ ಫೋಟೊಗಳ ಸಾಲು. ವಿವೇಕಾನಂದರು ಅದನ್ನು ತಮ್ಮ ಕರೆಯಾಗಿಸಿಕೊಂಡದ್ದು ನಿಜ. ಅದರ ಬೇರು ಕಠೋಪನಿಷತ್ತಿನಲ್ಲಿದೆ, ಯಮ ನಚಿಕೇತನಿಗೆ ಮಾಡಿದ ಉಪದೇಶದಲ್ಲಿ. ಆನೆ, ಕುದುರೆ, ಚಿನ್ನ, ಕೇಳಿದಷ್ಟು ಆಯುಸ್ಸು ಕೊಡುತ್ತೇನೆಂದರೂ ಒಲ್ಲೆನೆಂದ ಹುಡುಗ ಅವನು. ಹನ್ನೆರಡು ತಾಸು ಓದಿ ಕಣ್ಣು ಕೆಂಪಾದ ಮಕ್ಕಳು ದಿನವೂ ಆ ಗೋಡೆಯ ಮುಂದೆ ಹಾದುಹೋಗುತ್ತಾರೆ. ನಚಿಕೇತನ ಕಥೆಯನ್ನು ಅವರಿಗೆ ಯಾರೂ ಹೇಳಿಲ್ಲ.

ನನ್ನ ಕೋರಿಕೆ ಸಣ್ಣದು. ನುಡಿಮುತ್ತಿನ ಕೆಳಗೆ ಹೆಸರಷ್ಟೇ ಬೇಡ. ಯಾರು, ಯಾರಿಗೆ, ಯಾವ ಸಂದರ್ಭದಲ್ಲಿ ಹೇಳಿದ್ದು ಎಂಬ ಒಂದು ಸಾಲನ್ನೂ ಸೇರಿಸಿ. ವಚನಗಳ ಮಟ್ಟಿಗೆ ಇದು ಕಷ್ಟವಲ್ಲ. ಸರ್ಕಾರವೇ ಪ್ರಕಟಿಸಿದ ಸಮಗ್ರ ವಚನ ಸಂಪುಟದ 15 ಸಂಪುಟಗಳು ಗ್ರಂಥಾಲಯಗಳಲ್ಲಿ ಸಿಗುತ್ತವೆ. ಮೊದಲ ದಿನಕ್ಕೆ ಲಕ್ಕಮ್ಮನ ಆ ಪ್ರಶ್ನೆಯನ್ನೇ ಅಚ್ಚು ಹಾಕಿ. ಕೆಳಗೆ ಹೀಗಿರಲಿ: ಆಯ್ದಕ್ಕಿ ಲಕ್ಕಮ್ಮ, ಕಲ್ಯಾಣ, 12ನೆಯ ಶತಮಾನ, ಹೆಚ್ಚಿಗೆ ಅಕ್ಕಿ ತಂದ ಗಂಡನಿಗೆ.

ಇಂತಿ,
ನಿವೃತ್ತ ಕನ್ನಡ ಶಿಕ್ಷಕ, ರಾಯಚೂರು