ಹುಸಿಗಲ್ಲಾದರೂ ಮಳೆಯ ಲೆಕ್ಕ ತಪ್ಪಬಾರದು

ಮಾನ್ಯ ಸಂಪಾದಕರೇ,

ಅಗ್ಗದ ತೋಟದ ಗೊಂಬೆಗಳಿಗೆ ಹಳೇ ಕಲ್ಲಿನ ಕಳೆ ಬರಿಸುವುದು ಹೇಗೆಂದು ನಿಮ್ಮ ಕೈತೋಟದ ಪುಟದಲ್ಲಿ ಬಂದ ಲೇಖನವನ್ನೂ, ‘ಇದೆಲ್ಲ ಬರೀ ಮೋಸ’ ಎಂದು ಓದುಗರೊಬ್ಬರು ಅದಕ್ಕೆ ಬರೆದ ಪತ್ರವನ್ನೂ ಓದಿದೆ. ನಾನು ನಾಟಕದ ರಂಗಸಜ್ಜಿಕೆಗೆ ಬಣ್ಣ ಬಳಿದೇ ಬದುಕಿದವನು. ಥರ್ಮೋಕೋಲನ್ನು ಕೋಟೆಗೋಡೆ ಮಾಡುವುದು, ಪ್ಲೈವುಡ್ಡನ್ನು ಅರಮನೆಯ ಕಂಬ ಮಾಡುವುದು ನನ್ನ ಕಸುಬಾಗಿತ್ತು. ಹಾಗಾಗಿ ಮೋಸದ ಮಾತಿಗೆ ನನಗೆ ಸಿಟ್ಟು ಬರಲಿಲ್ಲ. ಬಂದದ್ದು ಲೇಖನದ ಮೇಲೆ.

ಬೂದು ಬಳಿಯಿರಿ, ಸ್ಪಂಜಿನಿಂದ ಕಪ್ಪು ತಟ್ಟಿ, ಮೇಲೊಂದಿಷ್ಟು ಹಸಿರು ಹಚ್ಚಿ, ಕೊನೆಗೆ ಹೊಳೆಯುವ ವಾರ್ನಿಷ್ ಕೊಡಿ: ಲೇಖನ ಹೇಳಿದ್ದಿಷ್ಟೇ. ಎಲ್ಲಿ ಕಪ್ಪು, ಎಲ್ಲಿ ಹಸಿರು, ಯಾಕೆ ಎಂಬ ಸುದ್ದಿಯೇ ಇಲ್ಲ. ಬಯಲಲ್ಲಿ ಹಳತಾದ ಕಲ್ಲಿನ ಮೇಲೆ ಯಾವ ಕಲೆಯೂ ಕಾರಣವಿಲ್ಲದೆ ಕೂರುವುದಿಲ್ಲ. ಹೆಚ್ಚಿನದಕ್ಕೆಲ್ಲ ನೀರೇ ಕಾರಣ. ಬ್ರಷ್ ಹಿಡಿಯುವ ಮುಂಚೆ ಒಂದು ಚೊಂಬು ನೀರನ್ನು ಗೊಂಬೆಯ ನೆತ್ತಿಯ ಮೇಲೆ ನಿಧಾನ ಸುರಿದು ನೋಡಿ. ನೀರು ಎಲ್ಲಿ ಜಾರುತ್ತದೆ, ಎಲ್ಲಿ ನಿಲ್ಲುತ್ತದೆ, ಗಲ್ಲದ ಯಾವ ತುದಿಯಿಂದ ತೊಟ್ಟಿಕ್ಕುತ್ತದೆ ಎಂದು ಸೀಮೆಸುಣ್ಣದಲ್ಲಿ ಗುರುತು ಹಾಕಿಕೊಳ್ಳಿ. ಅರ್ಧ ಕೆಲಸ ಅಲ್ಲಿಗೇ ಮುಗಿಯಿತು.

ನೀರು ನಿಲ್ಲುವ ಸಂದಿಯಲ್ಲಿ ಮಣ್ಣು ಕೂರುತ್ತದೆ, ನೆರಳೂ ಇದ್ದರೆ ಪಾಚಿ ಕಟ್ಟುತ್ತದೆ. ತೊಟ್ಟಿಕ್ಕುವ ತುದಿಯ ಕೆಳಗೆ ಕಪ್ಪು ಗೆರೆ ಇಳಿಯುತ್ತದೆ. ಬುಡದಲ್ಲಿ ಒಂದು ಗೇಣು ಎತ್ತರಕ್ಕೆ ಮಳೆಹನಿ ಸಿಡಿಸಿದ ಮಣ್ಣಿನ ಬಣ್ಣ ಅಂಟಿರುತ್ತದೆ. ಇದನ್ನು ಮಾತ್ರ ಬಹುತೇಕ ಎಲ್ಲರೂ ಮರೆಯುತ್ತಾರೆ, ಗೊಂಬೆ ಈಗಷ್ಟೇ ತಂದಿಟ್ಟಂತೆ ಕಾಣುವುದೂ ಇದರಿಂದಲೇ. ಕಲ್ಲುಹೂವಿನ ಜಾಯಮಾನ ಬೇರೆ. ಪಾಚಿ ತಂಪು ಹುಡುಕಿದರೆ ಕಲ್ಲುಹೂವಿನ ಎಷ್ಟೋ ಬಗೆಗಳು ಬಿಸಿಲು ಬೀಳುವ ನೆತ್ತಿ, ಭುಜಗಳ ಮೇಲೇ ಹಬ್ಬುತ್ತವೆ. ವರ್ಷಕ್ಕೆ ಕೆಲವೇ ಮಿಲಿಮೀಟರು, ಹಲವು ಬಗೆಗಳಲ್ಲಿ ಅದೂ ಇಲ್ಲ. ನಡುವಿನಿಂದ ಸುತ್ತಲೂ ಬೆಳೆಯುವುದರಿಂದ ಚಕ್ಕೆಗಳು ಹೆಚ್ಚುಕಡಿಮೆ ದುಂಡಗಿರುತ್ತವೆ. ಬೂದು ಬೆರೆತ ಹಸಿರು, ಮಾಸಲು ಬಿಳಿ, ಒಮ್ಮೊಮ್ಮೆ ಕಿತ್ತಳೆ. ಸಣ್ಣ ಸ್ಪಂಜಿನ ಚೂರಿನಲ್ಲಿ ಮೂರೋ ನಾಲ್ಕೋ ಒತ್ತಿದರೆ ಸಾಕು, ಮೈತುಂಬ ಒತ್ತಿದರೆ ಸಿಡುಬು ಎದ್ದಂತೆ ಕಾಣುತ್ತದೆ.

ನನ್ನ ಕಸುಬಿನವರೇ ಜಾರುವ ಜಾಗವೊಂದಿದೆ. ರಂಗದ ಮೇಲೆ ದೀಪ ಇಟ್ಟ ಕಡೆಯಿಂದಲೇ ಬೆಳಕು ಬರುವುದರಿಂದ ನಾವು ನೆರಳನ್ನೂ ಬಣ್ಣದಲ್ಲೇ ಬರೆದುಬಿಡುತ್ತೇವೆ. ತೋಟದಲ್ಲಿ ಸೂರ್ಯ ತಿರುಗುತ್ತಾನೆ. ಬೆಳಗಿಗೆ ಸರಿಯಾಗಿದ್ದ ನೆರಳು ಸಂಜೆಗೆ ಬೆಳಕು ಬೀಳುವ ಕೆನ್ನೆಯ ಮೇಲೇ ಕಪ್ಪಗೆ ಕೂತಿರುತ್ತದೆ. ಆದ್ದರಿಂದ ಸಂದಿಗೆ ಹಚ್ಚುವ ಗಾಢ ಬಣ್ಣವನ್ನು ಕೊಳೆಯೆಂದೇ ತಿಳಿದು ಹಚ್ಚಬೇಕು, ಎರಡೂ ಬದಿಗೆ.

ಬೂದು ಬಣ್ಣದ ಬಗ್ಗೆಯೂ ಒಂದು ಮಾತು. ಬರೀ ಕಪ್ಪು, ಬಿಳಿ ಬೆರೆಸಿದರೆ ಬರುವುದು ನೀಲಿಗೆ ತಿರುಗಿದ ಸತ್ತ ಬೂದು. ಅದಕ್ಕೆ ಸ್ವಲ್ಪ ಕಾವಿಗಂದು, ಚಿಟಿಕೆ ಹಳದಿ ಮಣ್ಣಿನ ಬಣ್ಣ ಬೀಳಬೇಕು. ಯಾವ ಕಲ್ಲು ಎಂಬುದನ್ನೂ ಮೊದಲೇ ನಿಶ್ಚಯಿಸಿ. ಗ್ರಾನೈಟ್ ಎಂದರೆ ಚುಕ್ಕೆ: ಹಲ್ಲುಜ್ಜುವ ಹಳೇ ಬ್ರಷ್ಷನ್ನು ಬಣ್ಣದಲ್ಲಿ ಅದ್ದಿ, ಹೆಬ್ಬೆರಳಿನಿಂದ ಕೂದಲು ಮೀಟಿ, ಒಂದು ಮೊಳ ದೂರದಿಂದ ಕಪ್ಪು, ಬಿಳಿ ಹನಿ ಸಿಡಿಸುವುದು. ಸುಣ್ಣಕಲ್ಲಾದರೆ ಮಳೆಗೆ ಮೈಯೊಡ್ಡಿದ ಭಾಗ ಬೆಳ್ಳಗೆ, ಮಳೆ ತಾಗದ ಮರೆ ಕಪ್ಪಗೆ. ಊರ ಹೊಗೆಯಲ್ಲಿ ನಿಂತ ಹಳೇ ಸುಣ್ಣಕಲ್ಲಿನ ಕಟ್ಟಡಗಳು ಹೀಗೇ ಕಾಣುತ್ತವೆ. ಎರಡನ್ನೂ ಒಂದೇ ಗೊಂಬೆಯ ಮೇಲೆ ಬೆರೆಸಬೇಡಿ.

ತಳಬಣ್ಣ ಪೂರ್ತಿ ಒಣಗಿದ ಮೇಲೆ ಒಂದು ಪಾಲು ಗಾಢ ಕಂದು ಬಣ್ಣಕ್ಕೆ ನಾಲ್ಕೈದು ಪಾಲು ನೀರು ಬೆರೆಸಿ ಮೈತುಂಬ ಹರಿಸಬೇಕು. ಅದು ಒಣಗಲು ಬಿಡದೆ ಒದ್ದೆ ಬಟ್ಟೆಯಲ್ಲಿ ಉಬ್ಬುಗಳನ್ನು ಒರೆಸುತ್ತ ಹೋಗಬೇಕು. ಕಲ್ಲು ಕಾಣತೊಡಗುವುದು ಒರೆಸುವಾಗಲೇ, ಕೈ ಬಿಗಿ ಇರಬೇಕಾದ್ದೂ ಇಲ್ಲೇ: ರೆಪ್ಪೆಯ ಕೆಳಗೆ, ಮಡಿಕೆಗಳ ಆಳದಲ್ಲಿ ಬಣ್ಣ ಉಳಿಯಬೇಕು, ಮೂಗಿನ ತುದಿಯಲ್ಲಿ ಉಳಿಯಬಾರದು. ಆಮೇಲೆ ತಿಳಿಬೂದಿನಲ್ಲಿ ಅದ್ದಿದ ಬ್ರಷ್ಷನ್ನು ಚಿಂದಿಗೆ ಒರೆಸಿ ಒರೆಸಿ, ಇನ್ನೇನು ಬಣ್ಣವೇ ಇಲ್ಲ ಅನ್ನಿಸಿದ ಮೇಲೆ ಅಂಚುಗಳ ಮೇಲೆ ಸವರಿದರೆ ಸವೆದ ಅಂಚು ತಾನಾಗಿ ಎದ್ದು ಬರುತ್ತದೆ.

ಗೊಂಬೆ ಏತರದ್ದು ಎಂದು ಲೇಖನ ಕೇಳಲೇ ಇಲ್ಲ. ಪ್ಲಾಸ್ಟಿಕ್ಕಾದರೆ ಅಡಿ ತಿರುಗಿಸಿ ನೋಡಿ. ತ್ರಿಕೋನದೊಳಗೆ 2 ಅಥವಾ 5 ಇದ್ದರೆ ಅದು ಪಾಲಿಥೀನ್ ಇಲ್ಲವೇ ಪಾಲಿಪ್ರೊಪಿಲೀನ್. ಇವೆರಡಕ್ಕೂ ಬಣ್ಣ ಸುಲಭಕ್ಕೆ ಕಚ್ಚುವುದಿಲ್ಲ. ಸಾಬೂನಿನಲ್ಲಿ ತೊಳೆದು, ಉಪ್ಪುಕಾಗದದಲ್ಲಿ ಉಜ್ಜಿ, ಪ್ಲಾಸ್ಟಿಕ್ಕಿಗೆಂದೇ ಇರುವ ಪ್ರೈಮರ್ ಕೊಡದಿದ್ದರೆ ಹಾಳೆ ಹಾಳೆಯಾಗಿ ಏಳುತ್ತದೆ. ಟೊಳ್ಳು ಹೊಟ್ಟೆಗೆ ಮರಳು ತುಂಬಿದರೆ ಗಾಳಿಗೆ ಉರುಳುವುದೂ ತಪ್ಪುತ್ತದೆ. ಹೊಸ ಸಿಮೆಂಟಿನದಾದರೆ 28 ದಿನವಾದರೂ ಕಾಯಿರಿ. ಹಸಿ ಸಿಮೆಂಟಿನ ಕ್ಷಾರ ಎಣ್ಣೆಬಣ್ಣವನ್ನು ಅಕ್ಷರಶಃ ಸಾಬೂನು ಮಾಡಿಬಿಡುತ್ತದೆ, ಅದಕ್ಕೆ ಅಕ್ರಿಲಿಕ್ಕೇ ಸರಿ. ಪ್ಲಾಸ್ಟರ್ ಆಫ್ ಪ್ಯಾರಿಸ್ಸಿನದನ್ನು ಮಳೆಗೆ ಇಡಲೇಬೇಡಿ. ಅದು ಗಟ್ಟಿಯಾದರೆ ಆಗುವುದು ಜಿಪ್ಸಂ. ಲೀಟರ್ ನೀರಿಗೆ ಸುಮಾರು 2 ಗ್ರಾಂ ಜಿಪ್ಸಂ ಕರಗುತ್ತದೆ, ಒಂದು ಬಿರುಕು ಸಿಕ್ಕರೂ ನೀರು ಒಳಗಿಂದ ತಿನ್ನುತ್ತದೆ. ಇನ್ನು ಆ ಹೊಳೆಯುವ ವಾರ್ನಿಷ್! ಅದನ್ನು ಓದಿದಾಗ ಪತ್ರಿಕೆ ಮಡಚಿಟ್ಟೆ. ಒಣಗಿದ ಹಳೇ ಕಲ್ಲು ಹೊಳೆಯುವುದನ್ನು ಲೇಖಕರು ಎಲ್ಲಿ ಕಂಡರೋ. ಮ್ಯಾಟ್ ಲೇಪವೇ ಆಗಬೇಕು, ಬಿಸಿಲು ತಡೆಯುವಂಥದ್ದು.

ಈಗ ಮೋಸದ ಮಾತು. ಅಮೆರಿಕದ ಜಾರ್ಜ್ ವಾಷಿಂಗ್ಟನ್ನರ ಮೌಂಟ್ ವರ್ನನ್ ಮನೆಯ ಹೊರಗೋಡೆ ಕಲ್ಲಿನದಲ್ಲ, ಮರದ್ದು. ಹಲಗೆಗಳ ಅಂಚು ಇಳಿಜಾರಾಗಿ ಕೆತ್ತಿ, ಹಸಿ ಬಣ್ಣದ ಮೇಲೆ ಮರಳು ಎರಚಿ ಕಲ್ಲುಕಟ್ಟಡದಂತೆ ಕಾಣಿಸಿದ್ದಾರೆ. ಲಂಡನ್ನಿನಲ್ಲಿ 1769ರಲ್ಲಿ ಎಲಿನೋರ್ ಕೋಡ್ ಎಂಬ ಮಹಿಳೆ ಜೇಡಿಮಣ್ಣಿನ ಮಿಶ್ರಣ ಸುಟ್ಟು ಕೃತಕ ಕಲ್ಲು ಮಾಡುವ ಕಾರ್ಖಾನೆ ನಡೆಸತೊಡಗಿದರು. ಆ ಮಿಶ್ರಣದಲ್ಲಿ 1837ರಲ್ಲಿ ತಯಾರಾದ ಸಿಂಹವೊಂದು ವೆಸ್ಟ್‌ಮಿನ್‌ಸ್ಟರ್ ಸೇತುವೆಯ ಬಳಿ ಈಗಲೂ ನಿಂತಿದೆ. ಬಣ್ಣದ ಗೊಂಬೆಯನ್ನು ಪುರಾತನ ಶಿಲ್ಪವೆಂದು ಮಾರಿದರೆ ಅದು ಮೋಸ, ನಿಜ. ಸ್ವಂತ ದಾಸವಾಳದ ಗಿಡದ ಬುಡದಲ್ಲಿ ಇಟ್ಟುಕೊಂಡರೆ ಯಾರಿಗೇನು ನಷ್ಟ? ನನ್ನ ಕೇಳಿದರೆ ಅಸಲಿ ಕಲ್ಲಿಗೆ ಬಣ್ಣ ಬಳಿಯುವುದೇ ಇದಕ್ಕಿಂತ ದೊಡ್ಡ ತಪ್ಪು.

ಲೇಖನದ ಜೊತೆ ಅಚ್ಚಾದ ಚಿತ್ರದಲ್ಲಿ ಗೊಂಬೆಯ ಮುಖ ಮಾತ್ರ ಇತ್ತು. ಮುಂದಿನ ಸಲ ಬೆನ್ನಿನ ಚಿತ್ರವನ್ನೂ ಹಾಕಿ. ಅಲ್ಲಿ ಬಣ್ಣ ಹೇಗಿದೆಯೆಂದು ನೋಡಿದರೆ ಬಳಿದವರ ಕೈ ಗೊತ್ತಾಗುತ್ತದೆ.

ಇತಿ,
ನಿವೃತ್ತ ರಂಗಸಜ್ಜಿಕೆ ಕಲಾವಿದ